‘ಇಂಜಿನ್‌ಗೇನೂ ಆಗಲ್ಲ’ ಅನ್ನುವ ಮಾತಿನ ಬೆಲೆ

ಸೆಕೆಂಡ್ ಹ್ಯಾಂಡ್ ಕಾರು ತೋರಿಸಲು ನಮ್ಮ ಗ್ಯಾರೇಜಿಗೆ ಬರುವವರು ಬಾನೆಟ್ ಎತ್ತುವ ಮೊದಲೇ ಒಂದು ಮಾತು ಹೇಳುತ್ತಾರೆ. "ಜಪಾನ್ ಗಾಡಿ ಸಾರ್, ಇಂಜಿನ್‌ಗೇನೂ ಆಗಲ್ಲ ಅಲ್ವಾ?" ಕೇಳುತ್ತಿದ್ದಾರೋ ಹೇಳುತ್ತಿದ್ದಾರೋ ಗೊತ್ತಾಗುವುದಿಲ್ಲ. ಬಹಳ ಸಲ ಅಡ್ವಾನ್ಸ್ ಕೊಟ್ಟು ಆಗಿರುತ್ತದೆ. ನನ್ನ ಬಾಯಿಂದ ಒಂದು ಹೂಂ ಬಂದರೆ ಸಾಕು ಅವರಿಗೆ.

ಆ ಹೆಸರೇನೂ ಸುಮ್ನೆ ಬಂದದ್ದಲ್ಲ, ನಿಜ. ಆದರೆ ನನ್ನ ಗ್ಯಾರೇಜಿಗೆ ಟೋ ಮಾಡಿಸಿಕೊಂಡು ಬರುವ ಜಪಾನಿ ಗಾಡಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಈ ಹೆಸರಿನಿಂದಲೇ. ಏನೂ ಆಗಲ್ಲ ಅಂದುಕೊಂಡು ಏನೂ ಮಾಡಿಸದೆ ಓಡಿಸಿದ ಗಾಡಿಗಳು ಅವು.

ಮೊದಲು ಆ ಹೆಸರು ಬಂದದ್ದು ಹೇಗೆ ಅಂತ ನೋಡೋಣ. 2000ನೇ ಇಸವಿಯ ಜನವರಿಯಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಮಾರುಕಟ್ಟೆಗೆ ಬಂತು. ನೋಡಲು ಥೇಟ್ ಡಬ್ಬಿ. ಇಂಡೋನೇಷ್ಯಾದಲ್ಲಿ ಕಿಜಾಂಗ್ ಅನ್ನುವ ಹೆಸರಿನಲ್ಲಿ ಆಗಲೇ ಓಡಿ ಹಳತಾಗಿದ್ದ ಗಾಡಿಯದೇ ರೂಪ. ಒಳಗೆ 2.4 ಲೀಟರ್ ಡೀಸೆಲ್ ಇಂಜಿನ್, ಟರ್ಬೊ ಇಲ್ಲ, ಬರೀ 75 ಹಾರ್ಸ್ ಪವರ್. ಇವತ್ತು 1.5 ಲೀಟರ್ ಡೀಸೆಲ್ ಇಂಜಿನ್ನೇ 115ರ ಹತ್ತಿರ ಕೊಡುತ್ತದೆ. ಹತ್ತು ಮೂಟೆ ಹೊರಬಲ್ಲ ಆಳಿನ ಮೇಲೆ ಐದೇ ಮೂಟೆ ಹೊರಿಸಿದ ಹಾಗೆ ಆ ಇಂಜಿನ್ ಕೆಲಸ ಮಾಡುತ್ತಿತ್ತು. ಬಾಳಿಕೆ ಬಂದದ್ದು ಅಲ್ಲಿಂದ. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದಲ್ಲೂ ಇದೇ ಲೆಕ್ಕ: 2.5 ಲೀಟರ್, 102 ಹಾರ್ಸ್ ಪವರ್. ಜಪಾನಿನವರ ಬಳಿ ಮಂತ್ರವೇನೂ ಇಲ್ಲ. ಹೊಸ ತಂತ್ರಜ್ಞಾನ ತರಲು ಅವಸರಪಡುವುದಿಲ್ಲ, ಲೋಹ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ, ಇಂಜಿನ್‌ನಿಂದ ಕಮ್ಮಿ ಕೆಲಸ ಕೇಳುತ್ತಾರೆ. ಆಗ ಪತ್ರಿಕೆಗಳಲ್ಲಿ "ಹಳೇ ಮಾಲು" ಅಂತ ಬೈಸಿಕೊಂಡ ಗುಣವೇ ಹತ್ತು ವರ್ಷ ಕಳೆದ ಮೇಲೆ "ಗಟ್ಟಿ ಗಾಡಿ" ಅನ್ನಿಸಿಕೊಂಡಿತು.

ಇಂಥ ಗಾಡಿಗಳಿಗೆ ಇನ್ನೊಂದು ಗುಣವಿದೆ. ಇವು ಧಿಡೀರನೆ ಕೈಕೊಡುವುದು ಕಮ್ಮಿ. ಕ್ಲಚ್ ತಿಂಗಳುಗಟ್ಟಲೆ ಒಂದಿಷ್ಟಿಷ್ಟೇ ಬಿಗಿಯಾಗುತ್ತದೆ. ಹಂಪ್ ಹತ್ತಿದಾಗ ಬುಷ್ ಕಟಕಟ ಅನ್ನುತ್ತದೆ. ಪಾರ್ಕಿಂಗ್ ಜಾಗದಲ್ಲಿ ದಿನಕ್ಕೊಂದು ಹನಿ ಎಣ್ಣೆ ಬೀಳುತ್ತದೆ. ಇಷ್ಟೆಲ್ಲ ಆದರೂ ಗಾಡಿ ಓಡುತ್ತಲೇ ಇರುತ್ತದೆ. ಹಾಗಾಗಿ ಮಾಲೀಕರಿಗೆ ಅಭ್ಯಾಸವಾಗಿಬಿಡುತ್ತದೆ. "ಅದು ಮೊದಲಿಂದಲೂ ಹಾಗೇ ಸಾರ್" ಅನ್ನುತ್ತಾರೆ. ಮೊದಲಿಂದ ಹಾಗಿರಲಿಲ್ಲ ಅಂತ ನನಗೂ ಗೊತ್ತು, ಗಾಡಿಗೂ ಗೊತ್ತು.

ಹಳೇ ಇನ್ನೋವಾದ ಟೈಮಿಂಗ್ ಬೆಲ್ಟ್ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2016ರಲ್ಲಿ ಹೊಸ ಇನ್ನೋವಾ ಕ್ರಿಸ್ಟಾ ಬರುವ ಮುಂಚಿನ ಡೀಸೆಲ್ ಇನ್ನೋವಾದಲ್ಲಿ ಇಂಜಿನ್‌ನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವುದು ರಬ್ಬರ್ ಬೆಲ್ಟ್. ಕಂಪನಿ ಹೇಳಿದಷ್ಟು ಕಿಲೋಮೀಟರ್ ಮುಗಿದ ಮೇಲೆ ಅದನ್ನು ಬದಲಿಸಲೇಬೇಕು. ಮಾಲೀಕರು ಮರೆಯುತ್ತಾರೆ ಅಂತಲೇ ಮೀಟರ್ ಬೋರ್ಡಿನಲ್ಲಿ ಅದಕ್ಕೆಂದೇ ಒಂದು ದೀಪ ಇಟ್ಟಿದ್ದಾರೆ. ಹೊತ್ತು ಬಂದಾಗ ಅದು ಹತ್ತಿಕೊಳ್ಳುತ್ತದೆ. ಇಷ್ಟು ಮುಂಚೆ, ಇಷ್ಟು ಸ್ಪಷ್ಟವಾಗಿ ಇನ್ನಾವ ಗಾಡಿ ಹೇಳೀತು? ಆದರೆ ನಮ್ಮಲ್ಲಿ ನಡೆಯುವುದೇ ಬೇರೆ. ದೀಪ ಹತ್ತಿದ ಗಾಡಿಗೆ ಮಾರುವಾಗ ರೇಟು ಬರುವುದಿಲ್ಲ. ಆ ದೀಪ ಆರಿಸುವುದು ನಿಮಿಷದ ಕೆಲಸ, ಬೆಲ್ಟ್ ಮುಟ್ಟಬೇಕಾಗಿಯೇ ಇಲ್ಲ. ಹಾಗೆ ಆರಿಸಿ ಮಾರುತ್ತಾರೆ. ತಗೊಂಡವರು ದೀಪ ಇಲ್ಲವಲ್ಲ ಅಂತ ನೆಮ್ಮದಿಯಾಗಿ ಧರ್ಮಸ್ಥಳಕ್ಕೆ ಹೊರಡುತ್ತಾರೆ. ಘಾಟಿಯಲ್ಲಿ ಬೆಲ್ಟ್ ಹರಿಯುತ್ತದೆ. ಹರಿದ ಕ್ಷಣದಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಆಮೇಲೆ ಹೆಡ್, ಅಂದರೆ ಇಂಜಿನ್‌ನ ಮೇಲ್ಭಾಗ, ಇಳಿಸಲೇಬೇಕು. ಕೆಲವು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ ಲಕ್ಷದ ಹತ್ತಿರ ಹೋಗುತ್ತದೆ.

ಹಾಗಾಗಿ ಹಳೇ ಇನ್ನೋವಾ ನೋಡುವಾಗ ನಾನು ದೀಪವನ್ನು ನಂಬುವುದಿಲ್ಲ. ಬೆಲ್ಟ್ ಬದಲಿಸಿದ ಬಿಲ್ ಕೇಳುತ್ತೇನೆ. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಿಸಿಲ್ಲ ಅಂತಲೇ ಲೆಕ್ಕ. ಮಾಲೀಕರು ಎಷ್ಟೇ ಆಣೆ ಪ್ರಮಾಣ ಮಾಡಲಿ, ಗಾಡಿ ಕೊಂಡ ವಾರದಲ್ಲೇ ಹೊಸದು ಹಾಕಿಸಿ ಅನ್ನುತ್ತೇನೆ. ಕ್ರಿಸ್ಟಾದಲ್ಲಿ ಬೆಲ್ಟ್ ಬದಲು ಚೈನ್ ಇದೆ, ಅಷ್ಟರಮಟ್ಟಿಗೆ ತಲೆನೋವಿಲ್ಲ. ಚೈನ್‌ಗೂ ಆಯಿಲ್ ಚೆನ್ನಾಗಿರಬೇಕು, ಅದು ಬೇರೆ ಮಾತು.

ಇನ್ನೊಂದು ಕಥೆ ಹೋಂಡಾ ಸಿಟಿಯದು. 2003ರಿಂದ 2008ರವರೆಗೆ ಬಂದ ಐ-ಡಿಎಸ್‌ಐ ಇಂಜಿನ್‌ನಲ್ಲಿ ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್, ಒಟ್ಟು ಎಂಟು. ನಾಲ್ಕು ಮುಂದೆ ಇವೆ, ಬಾನೆಟ್ ಎತ್ತಿದರೆ ಕೈಗೆ ಸಿಗುತ್ತವೆ. ಉಳಿದ ನಾಲ್ಕು ಇಂಜಿನ್ ಹಿಂದೆ, ಗಾಜಿನ ಕೆಳಗಿನ ಇಕ್ಕಟ್ಟಿನಲ್ಲಿ. ಅಲ್ಲಿಗೆ ಕೈ ಹಾಕುವುದು ಕಷ್ಟ. ಎಷ್ಟೋ ಮೆಕ್ಯಾನಿಕ್‌ಗಳು ಮುಂದಿನ ನಾಲ್ಕು ಮಾತ್ರ ಬದಲಿಸಿ ಬಿಟ್ಟುಬಿಡುತ್ತಾರೆ. ಹಿಂದೆ ನಾಲ್ಕಿವೆ ಅಂತಲೇ ಗೊತ್ತಿಲ್ಲದವರೂ ಇದ್ದಾರೆ. ಇಂಥ ಸಿಟಿಯೊಂದು ನಮ್ಮಲ್ಲಿಗೆ ಬಂದಿತ್ತು. ಮೈಲೇಜ್ ಇಲ್ಲ, ಏರಿನಲ್ಲಿ ಎಳೆಯುವುದಿಲ್ಲ, ಐಡಲ್‌ನಲ್ಲಿ ನಡುಗುತ್ತದೆ. "ಬಿಲ್ ನೋಡಿ, ಪ್ಲಗ್ ಹೋದ ಸರ್ವಿಸ್‌ನಲ್ಲೇ ಹೊಸದು" ಅಂದರು ಮಾಲೀಕರು. ಹಿಂದಿನ ನಾಲ್ಕನ್ನು ಬಿಚ್ಚಿದೆವು. ತುದಿಯ ಲೋಹ ಸವೆದು ಅಂತರ ಬಾಯಿ ಬಿಟ್ಟುಕೊಂಡಿತ್ತು, ಒಂದು ಪ್ಲಗ್ ಅಂತೂ ತುಕ್ಕು ಹಿಡಿದು ಬರಲೊಲ್ಲೆ ಅನ್ನುತ್ತಿತ್ತು. ಗಾಡಿ ಹುಟ್ಟಿದಾಗಿನವೇ ಇರಬೇಕು. ಆದರೂ ಗಾಡಿ ಅಷ್ಟು ವರ್ಷ ಅರ್ಧ ಪ್ಲಗ್‌ನಲ್ಲೇ ಆಫೀಸಿಗೆ ಹೋಗಿ ಬರುತ್ತಿತ್ತು ನೋಡಿ. ಗಟ್ಟಿತನ ಅಂದರೆ ಇದೇ. ಗಟ್ಟಿತನದ ತೊಂದರೆಯೂ ಇದೇ.

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೋಗಿ ಬಂದವರು ಇನ್ನೊಂದು ಮಾತು ಹೇಳುತ್ತಾರೆ. "ಅಲ್ಲಿ ನನ್ನ ಕೊರೊಲ್ಲಾ ಮೂರು ಲಕ್ಷ ಓಡಿತ್ತು ಮಾರಾಯ್ರೆ, ಇಲ್ಲಿ ಒಂದೂವರೆಗೇ ಸೌಂಡ್ ಬರ್ತದೆ." ಅವರು ಹೇಳುವುದು ಸುಳ್ಳಲ್ಲ. ಆದರೆ ಮೀಟರ್ ಲೆಕ್ಕ ಮಾಡುವುದು ಚಕ್ರವನ್ನು, ಇಂಜಿನ್ ಎಷ್ಟು ಗಂಟೆ ಓಡಿತು ಅನ್ನುವುದನ್ನಲ್ಲ. ಹೆದ್ದಾರಿಯಲ್ಲಿ ಸರಾಸರಿ 60 ಕಿ.ಮೀ. ವೇಗದಲ್ಲಿ ಹೋದರೆ 10,000 ಕಿ.ಮೀ.ಗೆ ಇಂಜಿನ್ ಸುಮಾರು 167 ಗಂಟೆ ಓಡುತ್ತದೆ. ಸಿಲ್ಕ್ ಬೋರ್ಡ್, ಔಟರ್ ರಿಂಗ್ ರೋಡ್‌ನಲ್ಲಿ ಸರಾಸರಿ 20 ಸಿಕ್ಕಿದರೂ ಅದೇ 10,000 ಕಿ.ಮೀ.ಗೆ 500 ಗಂಟೆ. ಆಯಿಲ್‌ಗೆ ಮೂರು ಪಟ್ಟು ಕೆಲಸ. ಮೀಟರ್‌ನಲ್ಲಿ ಎರಡೂ ಒಂದೇ.

ಅದಕ್ಕೇ ಬೆಂಗಳೂರಿನ ಒಳಗೇ ಓಡುವ ಗಾಡಿಗೆ 10,000 ತನಕ ಕಾಯಬೇಡಿ, ಐದಾರು ಸಾವಿರಕ್ಕೆ ಆಯಿಲ್ ಬದಲಿಸಿ ಅನ್ನುತ್ತೇನೆ. ಕಷ್ಟದ ಬಳಕೆಗೆ ಬೇರೆ ಅವಧಿ ಅಂತ ಗಾಡಿಯ ಪುಸ್ತಕದಲ್ಲೇ ಬರೆದಿರುತ್ತದೆ. ಆ ಪುಟ ಯಾರೂ ತೆಗೆಯುವುದಿಲ್ಲ.

ಇದೇ ಲೆಕ್ಕದಿಂದ ಟ್ಯಾಕ್ಸಿ ಕಥೆಯೂ ಅರ್ಥವಾಗುತ್ತದೆ. ಏರ್‌ಪೋರ್ಟ್‌ಗೆ ಓಡಿದ ಡೀಸೆಲ್ ಎಟಿಯೋಸ್‌ಗಳು ಲಕ್ಷಗಟ್ಟಲೆ ಕಿಲೋಮೀಟರ್ ಎಳೆದವು. ದಿನವಿಡೀ ಓಡುವ ಇಂಜಿನ್ ತಣ್ಣಗಾಗುವುದೇ ಇಲ್ಲ, ಸವೆತ ಜಾಸ್ತಿ ಆಗುವುದು ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ. ಮಗುವನ್ನು ಸ್ಕೂಲಿಗೆ ಬಿಟ್ಟು, ತರಕಾರಿ ತಂದು ನಿಲ್ಲಿಸುವ ಮನೆಯ ಗಾಡಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. "ಮೇಡಂ ಓಡಿಸಿದ್ದು, ಬರೀ 30,000" ಅನ್ನುವ ಜಾಹೀರಾತಿನ ಗಾಡಿ ಕಂಡರೆ ನಾನು ಆಯಿಲ್ ಕ್ಯಾಪ್ ಬಿಚ್ಚಿ ಒಳಗೆ ಟಾರ್ಚ್ ಬಿಡುತ್ತೇನೆ. ಕಪ್ಪು ಕೆಸರು ಕಟ್ಟಿರುತ್ತದೆ ಎಷ್ಟೋ ಸಲ.

ನೀರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ರೇಡಿಯೇಟರ್‌ನಲ್ಲಿ ಇರಬೇಕಾದದ್ದು ಕೂಲೆಂಟ್. ಟೊಯೋಟಾದಲ್ಲಿ ಅದು ಗುಲಾಬಿ ಬಣ್ಣಕ್ಕಿರುತ್ತದೆ. ಮಟ್ಟ ಸ್ವಲ್ಪ ಇಳಿಯಿತು ಅಂತ ಪೆಟ್ರೋಲ್ ಬಂಕ್‌ನಲ್ಲಿ ಒಂದು ಬಾಟಲ್ ಬೋರ್ ನೀರು ಸುರಿದುಬಿಡುತ್ತಾರೆ. ನಮ್ಮ ಬೋರ್ ನೀರು ಹೇಗಿರುತ್ತದೆ ಅಂತ ಮನೆಯ ಗೀಸರ್ ಕಾಯಿಲ್ ನೋಡಿದವರಿಗೆ ಹೇಳಬೇಕಾಗಿಲ್ಲ. ಅದೇ ಬಿಳಿ ಗಟ್ಟಿ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಗಾಡಿ ಬಿಸಿಯಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಬೈಸಿಕೊಳ್ಳುವುದು ಮಾತ್ರ ಕಂಪನಿ.

ಹಾಗಂತ ಜಪಾನ್ ಅಂದ ಕೂಡಲೇ ಎಲ್ಲವೂ ಚಿನ್ನ ಅಂತಲೂ ಅಲ್ಲ. ನಿಸ್ಸಾನ್‌ನ ಸಿವಿಟಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಬಗ್ಗೆ ಅಮೆರಿಕದಲ್ಲಿ ಎಷ್ಟು ದೂರು ಬಂತೆಂದರೆ, ಕೋರ್ಟಿನಲ್ಲಿ ರಾಜಿಯಾಗಿ ವಾರಂಟಿ ಹೆಚ್ಚಿಸಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಟೊಯೋಟಾದ್ದೇ ಆದ ಡೈಹಾಟ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡಿದ್ದು ಬಯಲಾಗಿ, ತನ್ನ ಎಲ್ಲ ಮಾಡೆಲ್‌ಗಳ ರವಾನೆ ನಿಲ್ಲಿಸಿತು. ಮುಂದಿನ ತಿಂಗಳೇ ಟೊಯೋಟಾದ ಡೀಸೆಲ್ ಇಂಜಿನ್‌ಗಳ ಪವರ್ ಪರೀಕ್ಷೆಯಲ್ಲಿ ಅಕ್ರಮ ಸಿಕ್ಕಿ, ಇಲ್ಲೂ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ರವಾನೆ ಕೆಲ ದಿನ ನಿಂತಿತ್ತು. ಆ ಇಂಜಿನ್‌ಗಳು ಅದರಿಂದ ಕೆಟ್ಟವಾಗಲಿಲ್ಲ, ಆದರೆ ಕಣ್ಣು ಮುಚ್ಚಿ ನಂಬುವವರು ಒಮ್ಮೆ ಕಣ್ಣು ಬಿಡಬೇಕಾಯಿತು.

ಎಲ್ಲಕ್ಕಿಂತ ಗಂಭೀರವಾದದ್ದು ಟಕಾಟಾ ಏರ್‌ಬ್ಯಾಗ್. ಜಪಾನಿನ ಈ ಕಂಪನಿ ಏರ್‌ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಾಗಿದರೆ ಅದು ಹಾಳಾಗಿ, ಅಪಘಾತದಲ್ಲಿ ಬಾಂಬಿನಂತೆ ಸಿಡಿದು ಲೋಹದ ಚೂರು ಒಳಗಿದ್ದವರಿಗೇ ಹಾರುತ್ತದೆ. ಕಂಪನಿ 2017ರಲ್ಲಿ ದಿವಾಳಿಯಾಯಿತು. ಭಾರತದಲ್ಲೂ ಹೋಂಡಾ ಸಿಟಿ, ಜಾಝ್, ಸಿವಿಕ್, ಅಕಾರ್ಡ್, ಟೊಯೋಟಾ ಕೊರೊಲ್ಲಾಗಳನ್ನು ಇದಕ್ಕಾಗಿ ವಾಪಸ್ ಕರೆದರು. ಸೆಕೆ ಮತ್ತು ತೇವ ಎರಡೂ ಇರುವ ನಮ್ಮ ಕರಾವಳಿಯವರಂತೂ ಇದನ್ನು ಉದಾಸೀನ ಮಾಡಲೇಬಾರದು. ಆ ಕಾಲದ ಗಾಡಿ ನಿಮ್ಮ ಬಳಿ ಇದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಛಾಸಿಸ್ ನಂಬರ್ ಹಾಕಿ ನೋಡಿ. ಎರಡನೇ, ಮೂರನೇ ಮಾಲೀಕರಿಗೆ ಕಂಪನಿಯ ಪತ್ರ ತಲುಪಿರುವುದೇ ಇಲ್ಲ. ಏರ್‌ಬ್ಯಾಗ್ ಬದಲಿಸಲು ದುಡ್ಡು ತಗೊಳ್ಳುವುದಿಲ್ಲ.

ಬ್ಯಾಡ್ಜ್ ಒಂದು, ಒಳಗೆ ಇನ್ನೊಂದು ಅನ್ನುವುದೂ ಉಂಟು. ಸ್ವಿಫ್ಟ್ ಡೀಸೆಲ್‌ನ ಹೆಸರಾಂತ 1.3 ಇಂಜಿನ್ ಇಟಲಿಯ ಫಿಯಟ್‌ದು. ಟೊಯೋಟಾ ಗ್ಲಾನ್ಜಾ ಅಂದರೆ ಸುಜುಕಿಯ ಬಲೆನೊ. ಮಾರುತಿ ಇನ್ವಿಕ್ಟೊ ತಯಾರಾಗುವುದು ಬಿಡದಿಯಲ್ಲಿ. "ಟೊಯೋಟಾ ಅಂತ ಗ್ಲಾನ್ಜಾ ತಗೊಂಡೆ" ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ. ಒಳ್ಳೆಯ ಗಾಡಿಯೇ, ಆದರೆ ಕ್ವಾಲಿಸ್‌ನ ನಂಟು ಅದಕ್ಕಿಲ್ಲ.

ಬಿಡಿಭಾಗ ಸಿಗದಿದ್ದರೆ ಎಂಥ ಗಟ್ಟಿ ಗಾಡಿಯೂ ಶೆಡ್‌ನಲ್ಲೇ. 1998ರಲ್ಲಿ ಬಂದ ಮಿತ್ಸುಬಿಷಿ ಲ್ಯಾನ್ಸರ್ ಓಡಿಸಿದವರು ಇವತ್ತಿಗೂ ಅದರ ಗುಣಗಾನ ಮಾಡುತ್ತಾರೆ. ಒಂದು ಹೆಡ್‌ಲೈಟ್‌ಗೋ ಸೆನ್ಸರ್‌ಗೋ ಜೆ.ಸಿ. ರೋಡಿನ ಅಂಗಡಿ ಅಂಗಡಿ ಅಲೆಯುವವರೂ ಅವರೇ. ಹಳೇ ಇನ್ನೋವಾ ಅಂದರೆ ಅದೇ ರೋಡಿನಲ್ಲಿ ಮೂರು ದರ್ಜೆಯ ಮಾಲು ತೆಗೆದು ಮುಂದಿಡುತ್ತಾರೆ. ನಂಬಿಕೆಯ ಗಾಡಿ ಅನ್ನುವುದರಲ್ಲಿ ಅರ್ಧ ಪಾಲು ಇದಕ್ಕೇ ಸಲ್ಲಬೇಕು.

ಕೊಳ್ಳುವವರಿಗೆ ಒಂದೆರಡು ಮಾತು. ಹೆಸರು ದೊಡ್ಡದಾದಷ್ಟೂ ಮೀಟರ್ ತಿರುಗಿಸುವ ಆಸೆ ಜಾಸ್ತಿ. ನಾಲ್ಕು ಲಕ್ಷ ಓಡಿದ ಇನ್ನೋವಾ ಆರಾಮಾಗಿ ಓಡುತ್ತದೆ, ಹಾಗಾಗಿ ಅದನ್ನು ಒಂದೂವರೆ ಲಕ್ಷದ್ದು ಅಂತ ಮಾರುವುದು ಸುಲಭ. ಮೀಟರ್ ಬಿಟ್ಟು ಬ್ರೇಕ್ ಪೆಡಲಿನ ರಬ್ಬರ್ ನೋಡಿ. ಸ್ಟಿಯರಿಂಗ್ ಹೊಳಪು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಅಂಚಿನಲ್ಲಿ ನೂಲು ಎದ್ದಿದ್ದರೆ ಅದನ್ನು ಸಾವಿರಾರು ಸಲ ಎಳೆದಿದ್ದಾರೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. 2016ರ ಗಾಡಿ, ಮೀಟರ್‌ನಲ್ಲಿ 35,000, ಆದರೆ ನಾಲ್ಕೂ ಟೈರ್ 2019ರವು ಅಂದರೆ ಮೊದಲಿನವು ಯಾಕೆ ಅಷ್ಟು ಬೇಗ ಸವೆದವು ಅಂತ ಕೇಳಿ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಿ, ಮೊದಲು ಯಲ್ಲೋ ಬೋರ್ಡ್ ಆಗಿತ್ತೋ ಅಂತ ತಿಳಿಯುತ್ತದೆ. ಯಲ್ಲೋ ಬೋರ್ಡ್ ಆಗಿದ್ದರೆ ಬೇಡ ಅಂತಲ್ಲ, ರೇಟು ಅದರ ಪ್ರಕಾರ ಇರಲಿ.

ಈಗ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟಾರ್ ಇರುವ ಹೈಬ್ರಿಡ್ ಬಗ್ಗೆ ಕೇಳುವವರು ಜಾಸ್ತಿ. ಇನ್ನೋವಾ ಹೈಕ್ರಾಸ್‌ನ ಬ್ಯಾಟರಿ ಹೋದರೆ ಗತಿಯೇನು ಅಂತ. ಅದಕ್ಕೆ ಟೊಯೋಟಾ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ. ಈ ತಂತ್ರಜ್ಞಾನ ಅವರಿಗೆ ಹೊಸದಲ್ಲ, 1997ರಲ್ಲೇ ಪ್ರಿಯಸ್ ರಸ್ತೆಗೆ ಇಳಿಸಿದವರು. ನನಗೆ ಚಿಂತೆ ಬ್ಯಾಟರಿಯದಲ್ಲ, ಅದಕ್ಕೆ ತಂಪು ಗಾಳಿ ಹೋಗುವ ಜಾಲರಿಯದು. ಅಲ್ಲಿ ಧೂಳು ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಆಯಸ್ಸು ಕಮ್ಮಿಯಾಗುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ "ಬ್ಯಾಟರಿ ಫಿಲ್ಟರ್ ಕ್ಲೀನ್ ಮಾಡಿದ್ರಾ?" ಅಂತ ಬಾಯಿಬಿಟ್ಟು ಕೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿ.