ನನಗೆ ಹಕ್ಕಿದ್ದರೆ ಇನ್ನೊಬ್ಬರಿಗೆ ಕರ್ತವ್ಯ ಇರಲೇಬೇಕಾ?

ಓದುಗರ ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ, ಮೊದಲ ವರ್ಷ. ಹಕ್ಕು ಇದ್ದಲ್ಲಿ ಕರ್ತವ್ಯವೂ ಇರುತ್ತದೆ ಎಂದು ಪಾಠದಲ್ಲಿ ಹೇಳಿದರು. ಪಾರ್ಕಿನ ಬೆಂಚಿನ ಮೇಲೆ ಕೂರುವ ಹಕ್ಕು ನನಗಿದೆ. ಹಾಗಾದರೆ ಅಲ್ಲಿ ಕರ್ತವ್ಯ ಯಾರದ್ದು?

ಉತ್ತರ: ಒಳ್ಳೆಯ ಉದಾಹರಣೆಯನ್ನೇ ಹಿಡಿದಿದ್ದೀರಿ. ಬೆಂಚಿನಲ್ಲಿ ಒಬ್ಬರಿಗಷ್ಟೇ ಜಾಗ ಇದೆ ಅಂದುಕೊಳ್ಳಿ. ನೀವು ಆ ಕಡೆಯಿಂದ ಬರುತ್ತಿದ್ದೀರಿ, ಇನ್ನೊಬ್ಬರು ಈ ಕಡೆಯಿಂದ. ಅವರು ನಾಲ್ಕು ಹೆಜ್ಜೆ ಬೇಗ ಹಾಕಿ ಕೂತುಬಿಟ್ಟರು. ನಿಮಗೆ ಬೇಜಾರಾಗಬಹುದು, ಆದರೆ ಅವರು ತಪ್ಪೇನೂ ಮಾಡಿಲ್ಲ. ನಿಮಗಾಗಿ ಜಾಗ ಬಿಡುವ ಕರ್ತವ್ಯ ಅವರಿಗೆ ಇರಲೇ ಇಲ್ಲ. ಅವರಿಗಾಗಿ ಬಿಡುವ ಕರ್ತವ್ಯ ನಿಮಗೂ ಇರಲಿಲ್ಲ. ಇಬ್ಬರಿಗೂ ಇದ್ದದ್ದು ಬರೀ ಸ್ವಾತಂತ್ರ್ಯ: ಕೂತರೆ ತಪ್ಪಲ್ಲ, ಅಷ್ಟೇ.

ಆದರೆ ಕೂತವರನ್ನು ನೀವು ತೋಳು ಹಿಡಿದು ಎಳೆದರೆ? ಅದು ತಪ್ಪು. ಇಲ್ಲಿ ಗಮನಿಸಿ, ಆ ಕರ್ತವ್ಯ ಬೆಂಚಿನಿಂದ ಹುಟ್ಟಿದ್ದಲ್ಲ. ಯಾರ ಮೈಮೇಲೂ ಕೈ ಮಾಡಬಾರದು ಅನ್ನುವುದು ಎಲ್ಲ ಕಡೆಗೂ ಇರುವ ನಿಯಮ. ಇಂಥ ಸಾಮಾನ್ಯ ನಿಯಮಗಳು ನಮ್ಮ ಸ್ವಾತಂತ್ರ್ಯದ ಸುತ್ತ ಬೇಲಿಯ ಹಾಗೆ ನಿಲ್ಲುತ್ತವೆ ಎಂದು ಇಂಗ್ಲೆಂಡಿನ ಕಾನೂನು ಚಿಂತಕ ಎಚ್.ಎಲ್.ಎ. ಹಾರ್ಟ್ ವಿವರಿಸಿದ್ದಾರೆ. ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಇಲ್ಲೇ. ಬೇಲಿಯನ್ನು ನೋಡಿ ಅದೇ ಹಕ್ಕು ಅಂದುಕೊಳ್ಳುತ್ತಾರೆ.

ಈಗ ಸಾಲದ ವಿಷಯಕ್ಕೆ ಬನ್ನಿ. ನೀವು ಗೆಳೆಯನಿಗೆ ಸಾಲ ಕೊಟ್ಟಿದ್ದೀರಿ, ವಾಯಿದೆ ಮುಗಿದಿದೆ. ಇಲ್ಲಿ ಪಾಠದ ಮಾತು ಪೂರ್ತಿ ನಿಜ. ದುಡ್ಡು ಕೇಳುವ ಹಕ್ಕು ನಿಮ್ಮದು, ಕೊಡುವ ಕರ್ತವ್ಯ ಅವನದು. ಅವನದ್ದೇ, ಅವನ ಪಕ್ಕದ ಮನೆಯವನದ್ದಲ್ಲ. ಇದೇ ಸಾಲದಲ್ಲಿ ಇನ್ನೂ ಎರಡು ಸಂಗತಿ ಇವೆ. ನೀವು ಕ್ರಮಬದ್ಧವಾಗಿ ಸಾಲ ಮನ್ನಾ ಮಾಡಿದರೆ ಅವನ ಕರ್ತವ್ಯ ಅಲ್ಲಿಗೆ ಮುಗಿಯುತ್ತದೆ. ಅದು ನಿಮ್ಮ ಅಧಿಕಾರ. ಅವನೇ "ಸಾಲ ತೀರಿತು" ಎಂದು ಸುಮ್ನೆ ಸಾರಿಕೊಂಡರೆ ಏನೂ ಬದಲಾಗದು. ಅದು ನಿಮಗಿರುವ ರಕ್ಷಣೆ.

ಹೀಗೆ ಸ್ವಾತಂತ್ರ್ಯ, ಕೇಳುವ ಹಕ್ಕು, ಅಧಿಕಾರ, ರಕ್ಷಣೆ ಈ ನಾಲ್ಕನ್ನೂ ಬಿಡಿಸಿ ಇಟ್ಟವರು ಅಮೆರಿಕದ ಕಾನೂನು ಪ್ರಾಧ್ಯಾಪಕ ವೆಸ್ಲಿ ಹೋಫೆಲ್ಡ್. 1913 ಮತ್ತು 1917ರಲ್ಲಿ ಯೇಲ್ ಲಾ ಜರ್ನಲ್‌ನಲ್ಲಿ ಬಂದ ಎರಡು ಲೇಖನಗಳೇ ಇದಕ್ಕೆ ಬುನಾದಿ. ನಾಲ್ಕಕ್ಕೂ "ಹಕ್ಕು" ಎಂಬ ಒಂದೇ ಪದ ಬಳಸಿ ನ್ಯಾಯಾಧೀಶರೂ ಗೊಂದಲಕ್ಕೆ ಬೀಳುತ್ತಾರೆ ಅನ್ನುವುದು ಅವರ ತಕರಾರು. 1918ರಲ್ಲಿ ಅವರು ತೀರಿಕೊಂಡರು, ನಲವತ್ತೂ ತುಂಬಿರಲಿಲ್ಲ.

ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. ಕರ್ತವ್ಯ ಇದ್ದಲ್ಲೆಲ್ಲ ಯಾರದಾದರೂ ಹಕ್ಕು ಇರುತ್ತದಾ? ಇರಬೇಕಿಲ್ಲ ಎಂದರು 19ನೇ ಶತಮಾನದ ಇಂಗ್ಲೆಂಡಿನ ಕಾನೂನು ಚಿಂತಕ ಜಾನ್ ಆಸ್ಟಿನ್. ಪ್ರಾಣಿಗಳ ಕುರಿತ ಕರ್ತವ್ಯಗಳನ್ನು ಅವರು ಈ ಗುಂಪಿಗೇ ಸೇರಿಸಿದ್ದರು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕೋಲಿನ ಪೆಟ್ಟು ಬೀಳುವುದು ನಾಯಿಯ ಬೆನ್ನಿಗೆ. ಹೊಡೆಯಬಾರದು ಅನ್ನುವ ಕರ್ತವ್ಯವೂ ಆ ನಾಯಿಗೇ ಸಲ್ಲಬೇಕಾದದ್ದು, ಅಲ್ವಾ?