ಗಿಡ ಗುರುತಿಸುವ ಪುಸ್ತಕಗಳು ಕವಲೊಡೆದ ಬಗೆ

ತೋಟದ ಬೇಲಿಯಂಚಿನಲ್ಲಿರುವ ಒಂದು ಮರದ ಹೆಸರು ತಿಳಿಯಲು ಯಾವ ಪುಸ್ತಕ ತೆರೆಯಬೇಕು ಎಂಬ ಪ್ರಶ್ನೆಗೆ ಇಂದಿಗೂ ನೇರವಾದ ಉತ್ತರವಿಲ್ಲ. ತಾನಾಗಿ ಹುಟ್ಟಿದ ಕಾಡುಮರಕ್ಕೆ ಒಂದು ಬಗೆಯ ಗ್ರಂಥ, ಯಾರೋ ನೆಟ್ಟು ಬೆಳೆಸಿದ್ದಕ್ಕೆ ಇನ್ನೊಂದು ಬಗೆಯದು. ಆದರೆ ಅದು ನೆಟ್ಟದ್ದೋ ಅಲ್ಲವೋ ಎಂಬುದು ಬಹುಪಾಲು ಹೆಸರು ಸಿಕ್ಕ ಮೇಲಷ್ಟೇ ತಿಳಿಯುತ್ತದೆ.

ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್‌ನಿಂದ ಮೊದಲ್ಗೊಂಡು ಸುಮಾರು ಒಂದೂವರೆ ಸಾವಿರ ವರ್ಷ ಯುರೋಪಿನಲ್ಲಿ ಸಸ್ಯಗ್ರಂಥವೆಂದರೆ ಔಷಧಗ್ರಂಥವೇ ಆಗಿತ್ತು. ಜರ್ಮನಿಯ ಸಸ್ಯಪಂಡಿತರಾದ ಬ್ರುನ್‌ಫೆಲ್ಸ್ 1530ರಲ್ಲಿ, ಫುಕ್ಸ್ 1542ರಲ್ಲಿ ಜೀವಂತ ಗಿಡಗಳನ್ನು ನೋಡಿ ಬಿಡಿಸಿದ ಮರದಚ್ಚಿನ ಚಿತ್ರಗಳನ್ನು ಕೊಟ್ಟರು; 1753ರಲ್ಲಿ ಲಿನೇಯಸ್ ಎರಡು ಪದಗಳ ಹೆಸರಿನ ಪದ್ಧತಿಯನ್ನು ನೆಲೆಗೊಳಿಸಿದ.

ನಿಜವಾದ ತಿರುವು 1778ರ ಲಾಮಾರ್ಕ್‌ನ ಫ್ರೆಂಚ್ ಸಸ್ಯಗ್ರಂಥದಲ್ಲಿದೆ. ಅದರಲ್ಲಿ ಓದುಗನ ಮುಂದೆ ಪ್ರತಿ ಹಂತದಲ್ಲಿಯೂ ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳಿರುತ್ತವೆ: ಎಲೆಗಳು ಎದುರುಬದುರಾಗಿವೆಯೇ, ಒಂದಾದ ಮೇಲೊಂದರಂತೆ ಪರ್ಯಾಯವಾಗಿವೆಯೇ? ಎಲೆ ಸರಳವೇ, ಹಲವು ಕಿರುಎಲೆಗಳಿಂದಾದ ಸಂಯುಕ್ತವೇ? ಪ್ರತಿ ಉತ್ತರವೂ ಮುಂದಿನ ಕವಲಿಗೆ ಒಯ್ಯುತ್ತದೆ. ಲೆಕ್ಕದ ಪ್ರಕಾರ ಹತ್ತೇ ಕವಲುಗಳಲ್ಲಿ 1,024 ಸಸ್ಯಗಳನ್ನು ಬೇರ್ಪಡಿಸಬಹುದು. ಪಂಡಿತರ ನೆನಪಿನಲ್ಲಿದ್ದ ವಿದ್ಯೆಯನ್ನು ಕಣ್ಣಿಟ್ಟು ನೋಡಬಲ್ಲ ಯಾರಿಗಾದರೂ ಒದಗಿಸಿದ ಈ ‘ಕೀಲಿ’ಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದೇ ಹೇಳಬೇಕು. ಅದಕ್ಕೊಂದು ಹುಟ್ಟುದೋಷವೂ ಇದೆ: ಪುಸ್ತಕದಲ್ಲಿಲ್ಲದ ಗಿಡವನ್ನು ಹಿಡಿದು ಹೊರಟರೆ ಕೀಲಿಯು ‘ಇದು ಇಲ್ಲಿಲ್ಲ’ ಎನ್ನುವುದಿಲ್ಲ, ಕವಲು ಕವಲಾಗಿ ನಡೆಸಿಕೊಂಡು ಹೋಗಿ ಯಾವುದೋ ತಪ್ಪು ಹೆಸರಿನ ಮುಂದೆ ನಿಲ್ಲಿಸಿಬಿಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಪ್ರಾದೇಶಿಕ ಸಸ್ಯಗ್ರಂಥಗಳು, ಅಂದರೆ ಫ್ಲೋರಾಗಳು, ಈ ದೋಷವನ್ನು ದೊಡ್ಡದು ಮಾಡಿದವು. ನಿಸರ್ಗದಲ್ಲಿ ಯಾವ ಸಸ್ಯ ಎಲ್ಲಿ ಹರಡಿದೆ ಎಂದು ದಾಖಲಿಸುವುದು ಅವುಗಳ ಉದ್ದೇಶವಾದ್ದರಿಂದ ನೆಟ್ಟ ಗಿಡಗಳನ್ನು ಹೊರಗಿಟ್ಟದ್ದು ಶಾಸ್ತ್ರದ ದೃಷ್ಟಿಯಿಂದ ಸರಿಯೇ ಇರಬಹುದು; ಅದರ ಬೆಲೆ ತೆತ್ತವನು ಮಾತ್ರ ಸಾಮಾನ್ಯ ಓದುಗ. ಇವುಗಳ ಕೀಲಿಗಳು ಹೆಚ್ಚಾಗಿ ಹೂವಿನೊಳಗಿನ ಕೇಸರ, ಅಂಡಾಶಯಗಳನ್ನೇ ಕೇಳುತ್ತವೆ, ಮರಗಳಾದರೋ ವರ್ಷದಲ್ಲಿ ಕೆಲವೇ ದಿನ, ಅದೂ ಕೈಗೆಟುಕದ ಎತ್ತರದಲ್ಲಿ ಹೂ ಬಿಡುತ್ತವೆ. ತೊಗಟೆ, ಮೊಗ್ಗು, ಎಲೆ ಉದುರಿದ ಗುರುತುಗಳನ್ನು ಆಧರಿಸಿದ ಪ್ರತ್ಯೇಕ ಮರಪುಸ್ತಕಗಳಿಗೆ ಬೇಡಿಕೆ ಬಂದದ್ದು ಹೀಗೆ.

ತೋಟದ ಕಡೆಯ ಕಷ್ಟವೇ ಬೇರೆ. ಹಲವು ಖಂಡಗಳ ಗಿಡಗಳು ಒಂದೇ ಪಾತಿಯಲ್ಲಿ ಬೆರೆತು ಸಂಕರ ತಳಿಗಳಾಗುತ್ತವೆ. ಬೆಳೆಸಿದ ಮರ ಮತ್ತು ಪೊದೆಗಳ ಬಗ್ಗೆ ಸಸ್ಯವಿಜ್ಞಾನಿ ರೆಡರ್ 1927ರಲ್ಲಿ ಹೊರತಂದ ಕೈಪಿಡಿ ಇಂಥವನ್ನು ಕೀಲಿಗೆ ಅಳವಡಿಸಿತು; ತಳಿಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿ ಬಂದದ್ದು 1953ರಲ್ಲಿ. ಯುರೋಪಿನ ತೋಟದ ಗಿಡಗಳಿಗೇ ಮೀಸಲಾದ ಆರು ಸಂಪುಟಗಳ ಫ್ಲೋರಾ 1984ರಿಂದ 2000ದವರೆಗೆ ಪ್ರಕಟವಾಯಿತು. ಸಸ್ಯವಿಜ್ಞಾನಿ ಸ್ಟೇಸ್ ಅವರ 1991ರ ಬ್ರಿಟಿಷ್ ದ್ವೀಪಗಳ ಫ್ಲೋರಾ, ಹೊರಗಿನಿಂದ ಬಂದು ನೆಲೆಯೂರಿದ ಸಸ್ಯಗಳನ್ನೂ ಬೆಳೆಗಳನ್ನೂ ಒಳಗೆ ಬಿಟ್ಟುಕೊಂಡು, ನಡುವಣ ಗೋಡೆಯನ್ನು ಸ್ವಲ್ಪ ತಗ್ಗಿಸಿತು.

ಅಷ್ಟರಲ್ಲಿ ಹೆಸರುಗಳೇ ಅಲುಗಾಡಿದವು. ಡಿಎನ್‌ಎ ಆಧಾರದ ವರ್ಗೀಕರಣ 1998ರಲ್ಲಿ ಪ್ರಕಟವಾಗಿ, ಬೂರುಗದ ಮರ ದಾಸವಾಳದ ಕುಟುಂಬಕ್ಕೆ ಸೇರಿತು. ತೇಗವೂ ಈಗ ತುಳಸಿಯ ಕುಟುಂಬದಲ್ಲಿದೆ. ಅಕೇಶಿಯಾ ಎಂಬ ಹೆಸರು ಆಸ್ಟ್ರೇಲಿಯಾದ ಗುಂಪಿಗೆ ಉಳಿಯಬೇಕೆಂದು 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ತೀರ್ಮಾನವಾಗಿ, 2011ರಲ್ಲಿ ಮೆಲ್ಬರ್ನ್‌ ಸಮ್ಮೇಳನದಲ್ಲಿ ಅದು ಗಟ್ಟಿಯಾದ ಮೇಲೆ, ಅದುವರೆಗೆ ಅಕೇಶಿಯಾ ಆಗಿದ್ದ ಕರಿಜಾಲಿ ವಾಚೆಲಿಯಾ ಆಯಿತು. ಹಳೆಯ ಪುಸ್ತಕದ ವಿವರಣೆ ಇದರಿಂದ ಸುಳ್ಳಾಗುವುದಿಲ್ಲ, ಹುಡುಕಬೇಕಾದ ಪುಟ ಬದಲಾಗುತ್ತದೆ, ಅಷ್ಟೆ.

ಈಗ ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳಿವೆ. ಕಾಡು, ತೋಟ ಎಂಬ ಭೇದವನ್ನು ಅವು ಅಷ್ಟಾಗಿ ಎಣಿಸುವುದಿಲ್ಲವೆಂಬುದು ದೊಡ್ಡ ಅನುಕೂಲ. ಆದರೆ ತಾವು ಕಲಿತ ಚಿತ್ರಗಳಲ್ಲಿ ಇಲ್ಲದ ಗಿಡಕ್ಕೂ ಹತ್ತಿರದ ಹೋಲಿಕೆಯ ಹೆಸರನ್ನು ಮುಂದಿಡುವುದರಲ್ಲಿ ಅವು ಕೀಲಿಯ ಹಳೆಯ ದೋಷವನ್ನೇ ಮುಂದುವರಿಸಿವೆ. ಎಲೆ ಮುರಿದಾಗ ಹಾಲು ಒಸರುತ್ತದೆಯೇ, ಬೆರಳಲ್ಲಿ ಉಜ್ಜಿದರೆ ವಾಸನೆ ಬರುತ್ತದೆಯೇ ಎಂಬಂಥ ಪರೀಕ್ಷೆಗಳನ್ನು ಫೋಟೊದಿಂದ ಮಾಡಲಾಗದು. ಅವು ಇನ್ನೂ ಫ್ಲೋರಾಗಳ ವಿವರಣೆಯಲ್ಲಿಯೇ ಇವೆ.