ಪಾರ್ಕಿನ್ಸನ್: ಮೆದುಳಿನ ಆಕ್ಸಿಡೇಟಿವ್ ಸ್ಟ್ರೆಸ್ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದಾ?

ಪ್ರಶ್ನೆ: ಅಪ್ಪನಿಗೆ ಪಾರ್ಕಿನ್ಸನ್ ಇದೆ. ಅವರ ಮೆದುಳಿನಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಎಷ್ಟಿದೆ ಅಂತ ರಕ್ತ ಪರೀಕ್ಷೆಯಿಂದ ತಿಳಿಯಬಹುದಾ?

ಇಲ್ಲ. ಅದಕ್ಕೆ ದಯವಿಟ್ಟು ದುಡ್ಡು ಹಾಕಬೇಡಿ. ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಆಮ್ಲಜನಕದಿಂದ ಹುಟ್ಟುವ ಚುರುಕಾದ ಕಣಗಳು ಕೋಶದ ರಕ್ಷಣೆಯನ್ನು ಮೀರಿ ಅದನ್ನು ಹಾಳುಮಾಡುವುದು.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಸಾಯುವುದು ನಡುಮೆದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪುಟ್ಟ ಕಪ್ಪು ಜಾಗದ ಕೋಶಗಳು; ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವುದು ಇವೇ. ಅಲ್ಲಿ ಡೋಪಮೈನ್ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಕಬ್ಬಿಣ ಸಿಕ್ಕಿದರೆ ಸಿಕ್ಕಿದ್ದನ್ನೆಲ್ಲ ಕೆಡಿಸುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗುತ್ತದೆ, ಮತ್ತು ಕಾಯಿಲೆಯವರಲ್ಲಿ ಆ ಜಾಗದಲ್ಲಿ ಕಬ್ಬಿಣವೂ ಜಾಸ್ತಿ. ಈ ರ್‍ಯಾಡಿಕಲ್ ಸೆಕೆಂಡಿನ ನೂರು ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಹೊತ್ತು ಮಾತ್ರ ಇರುತ್ತದೆ. ಪಕ್ಕದ ಕೊಬ್ಬನ್ನೋ ಡಿಎನ್‌ಎಯನ್ನೋ ಹಾಳುಮಾಡಿ ಅಲ್ಲೇ ಮುಗಿಯುತ್ತದೆ. ರಕ್ತದವರೆಗೆ ಬರುವ ಮಾತೇ ಇಲ್ಲ.

ಹಾಗಾಗಿ ಅಳೆಯುವುದು ಅದು ಬಿಟ್ಟುಹೋದ ಗುರುತುಗಳನ್ನು. ಕೊಬ್ಬು ಕೆಟ್ಟರೆ ಮ್ಯಾಲೊನ್‌ಡೈಆಲ್ಡಿಹೈಡ್, ಡಿಎನ್‌ಎ ಕೆಟ್ಟರೆ 8-ಓಎಚ್‌ಡಿಜಿ. ಇವು ರಕ್ತದಲ್ಲೂ ಮೂತ್ರದಲ್ಲೂ ಸಿಗುತ್ತವೆ, ನಿಜ. ಆದರೆ ಸಿಗರೇಟು, ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಯಾವುದಿದ್ದರೂ ಏರುತ್ತವೆ. ಅದರಲ್ಲಿ ಮೆದುಳಿನ ಪಾಲು ಎಷ್ಟು ಅಂತ ಹೇಳುವುದು ಹೇಗೆ?

ಗಟ್ಟಿ ಪುರಾವೆ ಬಂದಿದ್ದು ತೀರಿಕೊಂಡವರ ಮೆದುಳಿನಿಂದ. ಕೋಶಗಳನ್ನು ಕಾಯುವ ಗ್ಲುಟಥಯೋನ್ ಆ ಕಪ್ಪು ಜಾಗದಲ್ಲಿ ಸುಮಾರು 40% ಕಡಿಮೆ ಇತ್ತು. ನನಗೆ ಇನ್ನೂ ಮುಖ್ಯ ಅನ್ನಿಸುವುದು ಬೇರೆ: ಬದುಕಿದ್ದಾಗ ಯಾವ ಲಕ್ಷಣವೂ ಇಲ್ಲದೆ, ಸತ್ತ ಮೇಲೆ ಮೆದುಳಿನಲ್ಲಿ ಲೂಯಿ ಬಾಡಿಗಳು (ಪಾರ್ಕಿನ್ಸನ್‌ನಲ್ಲಿ ಕೋಶಗಳೊಳಗೆ ಕಾಣುವ ಪ್ರೋಟೀನ್ ಗಂಟುಗಳು) ಕಂಡವರಲ್ಲೂ ಅದು ಕಡಿಮೆಯಾಗಿತ್ತು. ಅಂದರೆ ಕೈ ನಡುಗುವ ಮೊದಲೇ ಈ ಕುಸಿತ ಶುರುವಾಗಿರಬಹುದು, ಅಲ್ವಾ? ಬೆಂಗಳೂರಿನ ನಿಮ್ಹಾನ್ಸ್‌ನ ಬ್ರೈನ್ ಬ್ಯಾಂಕಿನಲ್ಲೂ ಹೀಗೆ ದಾನವಾಗಿ ಬಂದ ಮೆದುಳುಗಳಿವೆ. ಅಲ್ಲಿನ ಸಂಶೋಧಕರೂ ಪಾರ್ಕಿನ್ಸನ್‌ನಲ್ಲಿ ಗ್ಲುಟಥಯೋನ್ ಅಳೆದಿದ್ದಾರೆ.

ಬದುಕಿರುವವರಲ್ಲಿ? ಎಂಆರ್‌ಐ ಯಂತ್ರದಲ್ಲೇ ಸ್ಪೆಕ್ಟ್ರೋಸ್ಕೋಪಿ (ರಾಸಾಯನಿಕಗಳನ್ನು ಅವುಗಳ ಸಿಗ್ನಲ್‌ನಿಂದ ಗುರುತಿಸುವ ವಿಧಾನ) ಮಾಡಿ ಗ್ಲುಟಥಯೋನ್ ನೋಡಬಹುದು. ಆದರೆ ಸಿಗ್ನಲ್ ಬಹಳ ಸಣ್ಣದು, ಬೇರೆ ರಾಸಾಯನಿಕಗಳ ಸಿಗ್ನಲ್ ಅದರ ಮೇಲೆ ಬೀಳುತ್ತದೆ, ಅಳೆಯುವ ಚೌಕವೋ ಆ ಕಪ್ಪು ಜಾಗಕ್ಕಿಂತ ದೊಡ್ಡದು. ಸಂಶೋಧನೆಗೆ ಸರಿ, ಅಪ್ಪನ ಚಿಕಿತ್ಸೆ ತೀರ್ಮಾನಿಸಲು ಸಾಲದು.

ಇನ್ನು ಆಕ್ಸಿಡೇಟಿವ್ ಸ್ಟ್ರೆಸ್ ತಡೆಯಲು ಸುಮ್ನೆ ವಿಟಮಿನ್ ಇ ಕೊಡೋಣ ಅಂತ ಯಾರಾದರೂ ಅನ್ನಬಹುದು. ಅಮೆರಿಕ, ಕೆನಡಾದ 800 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದ್ದಾರೆ, ದಿನಕ್ಕೆ 2000 ಯೂನಿಟ್. 1993ರಲ್ಲಿ ಬಂದ ಫಲಿತಾಂಶ: ಕಾಯಿಲೆ ನಿಧಾನವಾಗಲಿಲ್ಲ. ಆ ದುಡ್ಡನ್ನು ಅಪ್ಪನ ಫಿಸಿಯೋಥೆರಪಿಗೆ ಇಡಿ. ಡೋಪಮೈನ್ ಕೊರತೆ ತುಂಬುವ ಲೆವೊಡೋಪಾ ಮಾತ್ರೆಯ ಹೊತ್ತು ತಪ್ಪದಂತೆ ನೋಡಿಕೊಳ್ಳಿ.